ಅಳಿವೆಯಲ್ಲಿ ಅಕ್ಕಿ, ಘಟ್ಟದಲ್ಲಿ ಬೀಗ

ಗೋವೆಯ ಪೋರ್ಚುಗೀಸ್ ಠಾಣೆಯನ್ನು ಹಸಿವಿನಿಂದ ಮಣಿಸಲು ವಿಜಯಪುರದ ಆದಿಲ್ ಷಾಹಿ ಸುಲ್ತಾನರು ಮತ್ತೆ ಮತ್ತೆ ಯತ್ನಿಸಿದರು. ಕೊನೆಗೆ ಹಸಿದು ಬಾಗಿಲು ತೆರೆದದ್ದು ವಿಜಯಪುರದ ಕೋಟೆ.

1510ರ ಜೂನ್ ತಿಂಗಳು. ಮಾಂಡವಿ ನದಿಯ ಬಾಯಲ್ಲಿ ಸುಮಾರು ಇಪ್ಪತ್ತು ಪೋರ್ಚುಗೀಸ್ ಹಡಗುಗಳು ಲಂಗರು ಹಾಕಿ ಸಿಕ್ಕಿಬಿದ್ದಿದ್ದವು. ಮುಂದಕ್ಕೆ ಹೋಗೋಣವೆಂದರೆ ಮಳೆಗಾಲದ ಕಡಲು ಅಳಿವೆಯನ್ನು ಮುಚ್ಚಿತ್ತು. ಹಿಂದಕ್ಕೆ ಹೋಗೋಣವೆಂದರೆ ದಂಡೆಯ ತುಂಬ ಆದಿಲ್ ಷಾಹಿ ಸೈನ್ಯ. ಮೂರು ತಿಂಗಳ ಹಿಂದಷ್ಟೇ ಹೊನ್ನಾವರದ ತಿಮ್ಮೋಜಿಯ ಮಾತು ಕೇಳಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಗೋವೆಯನ್ನು ಹೆಚ್ಚು ರಕ್ತ ಹರಿಸದೆಯೇ ಹಿಡಿದಿದ್ದ. ಮೊದಲ ಮಳೆಯ ಜೊತೆಗೇ ವಿಜಯಪುರದ ಪಡೆ ಘಟ್ಟ ಇಳಿದು ಬಂತು. ಹೊಳೆ ದಾಟಿ ಗೋವೆ ನಗರವಿದ್ದ ತೀಸವಾಡಿ ದ್ವೀಪಕ್ಕೆ ನುಗ್ಗಿತು. ಮೇ ಕೊನೆಗೆ ಪೋರ್ಚುಗೀಸರು ಊರು ಬಿಟ್ಟು ಹಡಗು ಏರಬೇಕಾಯಿತು. ಆಗಸ್ಟ್‌ವರೆಗೆ ಅವರಿಗೆ ಅಲ್ಲೇ ಸೆರೆವಾಸ.

ಹಡಗಿನ ಉಗ್ರಾಣ ಬೇಗ ಖಾಲಿಯಾಯಿತು. ಒಣರೊಟ್ಟಿಯನ್ನು ತೂಕ ಮಾಡಿ ಹಂಚಿದರು. ಅದೂ ಸಾಲದಾದಾಗ ನಾವಿಕರು ಇಲಿ ಹಿಡಿದು ತಿಂದರು. ಪೆಟ್ಟಿಗೆಗಳಿಗೆ ಹೊದಿಸಿದ್ದ ಚರ್ಮವನ್ನು ಬೇಯಿಸಿ ತಿಂದರು. ಪಣಜಿಯ ದಂಡೆಯಲ್ಲಿದ್ದ ಆದಿಲ್ ಷಾಹಿ ಕೋಟೆಮನೆಯ ತೋಪುಗಳು ಹಡಗುಗಳ ಮೇಲೆ ಗುಂಡು ಸುರಿಸುತ್ತಿದ್ದವು. ಅಲ್ಬುಕರ್ಕ್‌ನ ಜನ ಒಂದು ಬೆಳಗಿನ ಜಾವ ಅದರ ಮೇಲೆ ಬಿದ್ದರು. ತೋಪುಗಳ ಜೊತೆಗೆ ಅಲ್ಲಿದ್ದ ದವಸವನ್ನೂ ಹೊತ್ತು ತಂದರು.

ಈ ನಡುವೆ ನಡೆದ ಒಂದು ಪ್ರಸಂಗವನ್ನು ಅಲ್ಬುಕರ್ಕ್‌ನ ಮಗ ತಂದೆಯ ವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಆದಿಲ್ ಷಾಹಿ ಪಾಳೆಯದಿಂದ ಆಹಾರ ತುಂಬಿದ ದೋಣಿಯೊಂದು ಹಡಗಿನ ಬಳಿ ಬಂತು. ನಿಮ್ಮನ್ನು ಹಸಿವಿನಿಂದಲ್ಲ, ಕತ್ತಿಯಿಂದ ಗೆಲ್ಲುತ್ತೇವೆ ಎಂಬುದು ಅದರ ಜೊತೆಗೆ ಬಂದ ಸಂದೇಶ. ರೋಗಿಗಳಿಗೆಂದು ಉಳಿಸಿದ್ದ ಕೊನೆಯ ದ್ರಾಕ್ಷಾರಸ ಮತ್ತು ರೊಟ್ಟಿಯನ್ನು ಅಲ್ಬುಕರ್ಕ್ ಹಡಗಿನ ಅಟ್ಟದ ಮೇಲೆ ಎದ್ದು ಕಾಣುವಂತೆ ಇಡಿಸಿದ. ನಮ್ಮಲ್ಲಿ ಬೇಕಾದಷ್ಟಿದೆ ಎಂದು ಹೇಳಿ ದೋಣಿಯನ್ನು ಹಿಂದಕ್ಕೆ ಕಳಿಸಿದ. ಇದು ಗೆದ್ದವರ ಕಡೆಯ ಬರಹ, ಹಾಗಾಗಿ ಸ್ವಲ್ಪ ಬಣ್ಣ ಬಳಿದಿರಬಹುದು. ಎದುರಾಳಿಯ ಅಡುಗೆಮನೆಯಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕಾಚಾರ ಎರಡೂ ಕಡೆ ನಡೆದಿತ್ತು ಎಂಬುದಂತೂ ಇದರಿಂದ ತಿಳಿಯುತ್ತದೆ.

ಅದೇ ವರ್ಷ ನವೆಂಬರ್ 25ರಂದು ಅಲ್ಬುಕರ್ಕ್ ಮರಳಿ ಬಂದು ಗೋವೆಯನ್ನು ಗೆದ್ದ. ಮರುವರ್ಷ ಅವನು ಮಲಾಕ್ಕಾ ಕಡೆ ಹೋದದ್ದೇ ತಡ, ವಿಜಯಪುರದ ಪುಲಾದ್ ಖಾನ್, ಅವನ ಹಿಂದೆ ರಸೂಲ್ ಖಾನ್ ದ್ವೀಪಕ್ಕೆ ಕಾಲಿಟ್ಟರು. ಬೆನಸ್ತರಿಯಲ್ಲಿ ಗಟ್ಟಿಯಾಗಿ ತಳ ಊರಿ, ಮಳೆಗಾಲವಿಡೀ ಗೋವೆಯ ಠಾಣೆಯನ್ನು ಸುತ್ತುಗಟ್ಟಿದರು. ಒಳಗೆ ಹಸಿವು ಹೆಚ್ಚಿದಂತೆ ಕೆಲವು ಪೋರ್ಚುಗೀಸ್ ಸಿಪಾಯಿಗಳು ಗೋಡೆ ಹಾರಿ ರಸೂಲ್ ಖಾನನ ಕಡೆ ಸೇರಿಕೊಂಡರು. ಮೊದಲು ಆ ಕಡೆಗಿದ್ದ ಜೊವಾವ್ ಮಚಾಡೊ ಎಂಬವನು ಇದೇ ಹೊತ್ತಿನಲ್ಲಿ ಮರಳಿ ಪೋರ್ಚುಗೀಸರ ಕಡೆ ಬಂದ. 1512ರಲ್ಲಿ ಬೆನಸ್ತರಿ ಬಿದ್ದಾಗ ಓಡಿಹೋದವರು ಸಿಕ್ಕಿಬಿದ್ದರು. ಅವರ ಕಿವಿ ಮೂಗು ಕೊಯ್ಯಲಾಯಿತು, ಬಲಗೈ ಕಡಿಯಲಾಯಿತು. ಅವರಲ್ಲೊಬ್ಬನಾದ ಫೆರ್ನಾವ್ ಲೋಪೆಸ್ ಊರಿಗೆ ಹೋಗಲು ನಾಚಿ, ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದಲ್ಲಿ ಒಂಟಿಯಾಗಿ ಬದುಕಿದ. ಆ ದ್ವೀಪದಲ್ಲಿ ನೆಲೆಸಿದ ಮೊದಲ ಮನುಷ್ಯ ಅವನೇ.

ಎರಡು ನೆಲ, ಎರಡು ಕಾಳು

ವಿಜಯಪುರದಿಂದ ಪಶ್ಚಿಮಕ್ಕೆ ತೊರವಿ ದಾಟಿ ತಿಕೋಟಾ ಕಡೆ ಹೊರಟರೆ, ಇಲ್ಲವೇ ನೈರುತ್ಯಕ್ಕೆ ಬಬಲೇಶ್ವರದ ಹಾದಿ ಹಿಡಿದರೆ, ಆದಿಲ್ ಷಾಹಿ ದಂಡು ಏನು ತಿಂದು ಯುದ್ಧಕ್ಕೆ ಹೋಗುತ್ತಿತ್ತು ಎಂಬುದು ಹೊಲ ನೋಡಿದರೇ ಗೊತ್ತಾಗುತ್ತದೆ. ಡೋಣಿ ನದಿಯ ನೀರು ಉಪ್ಪು, ದಂಡೆಯ ಎರಿ ಮಣ್ಣು ಬಂಗಾರ. ಸಾರವಾಡದ ಸುತ್ತಲಿನ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಚಳಿಯ ತೇವ ಕುಡಿದೇ ಬೆಳೆಯುತ್ತದೆ. ರಾಶಿ ಮಾಡಿದ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇಡಬಹುದಿತ್ತು. ಒಳನಾಡಿನ ರಾಜ್ಯಕ್ಕೆ ಇದೇ ಬಲ. ದವಸ ಊರೂರಿನಲ್ಲಿ ನೆಲದಡಿಗೇ ಇರುತ್ತಿತ್ತು. ಅದನ್ನು ಪಾಳೆಯಕ್ಕೆ ಮುಟ್ಟಿಸಲು ಎತ್ತಿನ ಬೆನ್ನು ಬೇಕಿತ್ತು, ಅಷ್ಟೆ.

ಗೋವೆಯದು ಬೇರೆ ಕಥೆ. ತೀಸವಾಡಿ ದ್ವೀಪದ ಗದ್ದೆಗಳು ರಾಜಧಾನಿಯ ಹೊಟ್ಟೆ ತುಂಬಿಸುವಷ್ಟು ದೊಡ್ಡವಲ್ಲ. 1543ರಲ್ಲಿ ಇಬ್ರಾಹಿಂ ಆದಿಲ್ ಷಾ ಬಾರ್ದೇಸ್ ಮತ್ತು ಸಾಷ್ಟಿಯನ್ನು ಬಿಟ್ಟುಕೊಟ್ಟ ಮೇಲೆ ಸ್ವಲ್ಪ ಭತ್ತ ಕೈಗೆ ಬಂತಾದರೂ ಸಾಕಾಗಲಿಲ್ಲ. ಗೋದಿ, ದನ, ಕಾಯಿಪಲ್ಲೆ ಘಟ್ಟದ ಮೇಲಿನಿಂದ, ಅಂದರೆ ಆದಿಲ್ ಷಾಹಿ ಸೀಮೆಯಿಂದಲೇ ಇಳಿದು ಬರಬೇಕು. ಆ ಸೀಮೆಯನ್ನು ಪೋರ್ಚುಗೀಸರು ಬಾಲಾಘಾಟ್ ಎಂದೇ ಕರೆಯುತ್ತಿದ್ದರು. ಅಕ್ಕಿ ಬರಬೇಕಾದದ್ದು ದಕ್ಷಿಣದ ಕನ್ನಡ ಕರಾವಳಿಯಿಂದ: ಭಟ್ಕಳ, ಹೊನ್ನಾವರ, ಬಸರೂರು, ಮಂಗಳೂರು. ಬದಲಿಗೆ ಗೋವೆ ಕೊಡುತ್ತಿದ್ದದ್ದು ಅರಬ್ಬೀ ಕುದುರೆ. ವಿಜಯಪುರದ ರಾವುತರು ಏರುತ್ತಿದ್ದ ಕುದುರೆಗಳು ಶತ್ರುವಿನ ಬಂದರಿನಲ್ಲೇ ಇಳಿದು ಘಟ್ಟ ಹತ್ತುತ್ತಿದ್ದವು. ಹೀಗಾಗಿ ಯುದ್ಧ ಹೂಡಿದರೆ ಇಬ್ಬರಿಗೂ ಒಂದೊಂದು ಕೊರತೆ.

ಠಾಣೆಯ ಸಿಪಾಯಿಯ ಪಾಡು ಇನ್ನೂ ಇಕ್ಕಟ್ಟಿನದು. ಲಿಸ್ಬನ್ನಿನಿಂದ ಬಂದ ಬಡ ಸೈನಿಕನಿಗೆ ಹಡಗು ಕಡಲಿಗಿಳಿಯುವ ಕಾಲದಲ್ಲಿ ಊಟ, ಕೂಲಿ ಎರಡೂ ಸಿಗುತ್ತಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗುಗಳು ದಡ ಸೇರಿದಾಗ ಸಂಬಳವೂ ನಿಲ್ಲುತ್ತಿತ್ತು. ಆ ನಾಲ್ಕು ತಿಂಗಳು ಅವನು ಯಾವುದಾದರೂ ಸಿರಿವಂತ ಸರದಾರನ ಪಂಕ್ತಿಯಲ್ಲಿ ಉಂಡು ದಿನ ಕಳೆಯಬೇಕು. ಊಟ ಹಾಕಿದ ಸರದಾರ ಮುಂದಿನ ದಂಡಯಾತ್ರೆಗೆ ಅವನನ್ನೇ ಕರೆದೊಯ್ಯುತ್ತಿದ್ದ. ಸರಕಾರದ ಖಜಾನೆ ಮಾಡಬೇಕಾದ ಕೆಲಸವನ್ನು ಖಾಸಗಿ ಅಡುಗೆಮನೆಗಳು ಮಾಡುತ್ತಿದ್ದವು. ಮಳೆಗಾಲದಲ್ಲಿ ಕಡಲ ದಾರಿಯೂ ಇಲ್ಲ, ಸಂಬಳವೂ ಇಲ್ಲ. ವಿಜಯಪುರ ಹೊಂಚು ಹಾಕಿದ್ದು ಈ ನಾಲ್ಕು ತಿಂಗಳ ಮೇಲೆಯೇ.

ಫೋಂಡಾದ ಪಾಳೆಯ

1565ರಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧದಲ್ಲಿ ವಿಜಯನಗರ ಮುರಿದ ಮೇಲೆ ಒಂದನೆಯ ಅಲಿ ಆದಿಲ್ ಷಾನ ಕೈ ಎತ್ತರದಲ್ಲಿತ್ತು. ವಿಜಯಪುರದ ಹೊರಗೋಡೆ ಪೂರ್ತಿಯಾದದ್ದೂ ಅವನ ಕಾಲದಲ್ಲೇ. ವಿಜಯನಗರ ಹೋದದ್ದು ಪೋರ್ಚುಗೀಸರಿಗೂ ಹೊಡೆತ. ಕುದುರೆಯ ದೊಡ್ಡ ಗಿರಾಕಿ ಇಲ್ಲವಾದ. ಅಕ್ಕಿ ಕಳಿಸುವ ಕರಾವಳಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಗೊಂದಲವಾಯಿತು. ವೈಸರಾಯ್ ಲೂಯಿಸ್ ಡಿ ಅತೈದೆ 1569ರಲ್ಲಿ ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಿಡಿದು ಕಾವಲಿಟ್ಟದ್ದು ಈ ಹಿನ್ನೆಲೆಯಲ್ಲಿ. ನಕ್ಷೆಯಲ್ಲಿ ಅವು ಸಣ್ಣ ಚುಕ್ಕಿಗಳು, ಗೋವೆಯ ಪಾಲಿಗೆ ಅಕ್ಕಿಯ ಕಣಜಗಳು.

1570ರ ಡಿಸೆಂಬರ್ ಕೊನೆಗೆ ಅಲಿಯ ಸೈನ್ಯ ಘಟ್ಟ ಇಳಿದು ಫೋಂಡಾದಲ್ಲಿ ಪಾಳೆಯ ಹೂಡಿತು. ಇದು ಒಬ್ಬಂಟಿ ದಾಳಿಯಲ್ಲ. ಅಹಮದ್‌ನಗರದ ಮುರ್ತಜಾ ನಿಜಾಂ ಷಾ ಚೌಲ್ ಮೇಲೆ, ಕಲ್ಲಿಕೋಟೆಯ ಸಾಮೂದಿರಿ ಚಾಲಿಯಂ ಮೇಲೆ, ವಿಜಯಪುರ ಗೋವೆಯ ಮೇಲೆ ಎಂದು ಮೊದಲೇ ಹಂಚಿಕೊಂಡಿದ್ದರು. ಅಲಿಯ ಪಡೆ ಒಂದು ಲಕ್ಷದ್ದೆಂದು ಪೋರ್ಚುಗೀಸ್ ಚರಿತ್ರೆಕಾರರು ಬರೆದರು. ತಮ್ಮ ಗೆಲುವನ್ನು ಹಿಗ್ಗಿಸಲು ಸಂಖ್ಯೆಯನ್ನು ಹಿಗ್ಗಿಸಿರಬಹುದು. ತಮ್ಮ ಕಡೆಯ ಸೈನಿಕರನ್ನು ಅವರು ಎಣಿಸಿದ್ದು ಸುಮಾರು ಏಳುನೂರು. ಉಳಿದದ್ದನ್ನು ಪಾದ್ರಿಗಳು, ಗುಲಾಮರು, ಸ್ಥಳೀಯ ಕ್ರೈಸ್ತರಿಂದ ತುಂಬಿಸಬೇಕಾಯಿತು. ಹೊಳೆ ದಾಟಬಹುದಾದ ಕಡೆಗಳಲ್ಲೆಲ್ಲ ಸಣ್ಣ ಸಣ್ಣ ಕಾವಲು ತುಕಡಿಗಳನ್ನು ನಿಲ್ಲಿಸಿದರು.

ಅತೈದೆಯ ಸಲಹೆಗಾರರು ಚೌಲನ್ನು ಬಿಟ್ಟು ಎಲ್ಲರನ್ನೂ ಗೋವೆಗೆ ಕರೆಸಿಕೊಳ್ಳಿ ಎಂದರು. ಅವನು ಒಪ್ಪಲಿಲ್ಲ. ಗೋವೆಗೇ ಜನ ಸಾಲದಿದ್ದಾಗ ಚೌಲಿಗೆ ಹಡಗು ಕಳಿಸಿದ. ಹೊನ್ನಾವರದ ಮೇಲೆ ಗೇರುಸೊಪ್ಪೆಯ ರಾಣಿಯ ಕಡೆಯವರು ಏರಿ ಬಂದಾಗ ಅಲ್ಲಿಗೂ ನೆರವು ಕಳಿಸಿದ. ಮೆಣಸು ತುಂಬಿದ ಹಡಗುಗಳು ಎಂದಿನಂತೆ ಲಿಸ್ಬನ್ನಿಗೆ ಹೊರಟವು. ಮೇಲ್ನೋಟಕ್ಕೆ ಇದು ಹುಚ್ಚುತನ. ಅಕ್ಕಿಯ ಲೆಕ್ಕ ಹಿಡಿದು ನೋಡಿದರೆ ಅವನ ಜಾಣತನ ತಿಳಿಯುತ್ತದೆ. ಹೊನ್ನಾವರ ಕೈಬಿಟ್ಟಿದ್ದರೆ ಗೋವೆಗೆ ಹೆಚ್ಚುವರಿ ಸಿಪಾಯಿಗಳೇನೋ ಸಿಗುತ್ತಿದ್ದರು. ಅವರಿಗೆ ಹಾಕುವ ಅನ್ನ ಮಾತ್ರ ಸಿಗುತ್ತಿರಲಿಲ್ಲ. ಮೆಣಸಿನ ಹಡಗು ನಿಂತಿದ್ದರೆ ಅಕ್ಕಿ ಕೊಳ್ಳಲು ಹಣವೂ ಇರುತ್ತಿರಲಿಲ್ಲ.

ಮುತ್ತಿಗೆ ಬೇಸಿಗೆಯುದ್ದಕ್ಕೂ ನಡೆಯಿತು. ಘಟ್ಟದ ದಾರಿ ಮುಚ್ಚಿ ಗೋದಿ, ದನ ಬರುವುದು ನಿಂತಿತು. ಕಡಲ ಕಡೆಯಿಂದ ಅಕ್ಕಿಯ ದೋಣಿಗಳು ಬರುತ್ತಲೇ ಇದ್ದವು. ತೋಪಿನ ಸದ್ದು ನಿಲ್ಲಲಿಲ್ಲ. ನಡುಹೊಳೆಯ ಕುದುರುಗಳಿಗಾಗಿ ಕಾದಾಟ ನಡೆಯಿತು. ದಾಟಲು ಬಂದ ಆದಿಲ್ ಷಾಹಿ ತುಕಡಿಗಳು ದಂಡೆಗೆ ಕಾಲಿಟ್ಟರೂ ನಿಲ್ಲಲಾಗಲಿಲ್ಲ. ಮಳೆಗಾಲಕ್ಕೆಂದೇ ಕಾದಿದ್ದ ಅಲಿಗೆ ಆ ಮಳೆಯೇ ಮುಳುವಾಯಿತು. ಬಯಲುಸೀಮೆಯ ಕುದುರೆ, ಎತ್ತು, ಆನೆಗಳು ಕೊಂಕಣದ ಕೆಸರಲ್ಲಿ ಸಾಯತೊಡಗಿದವು. ಜೋಳ ಹೊತ್ತು ಘಟ್ಟ ಇಳಿಯಬೇಕಾದ ಎತ್ತುಗಳಿಗೇ ದಾರಿ ಇಲ್ಲವಾಯಿತು. ಹೊರಗಿನಿಂದ ಮುತ್ತಿದವರ ರಸದು ಒಳಗಿದ್ದವರದ್ದಕ್ಕಿಂತ ಬೇಗ ಕುಸಿಯಿತು. ಆಗಸ್ಟ್ ಹೊತ್ತಿಗೆ ಪಾಳೆಯ ಕರಗಿತ್ತು. 1571ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು.

ಅದೇ ಮಳೆಗಾಲದಲ್ಲಿ ದಕ್ಷಿಣದ ಇನ್ನೊಂದು ಸಣ್ಣ ಠಾಣೆಯ ಗತಿ ಬೇರೆಯಾಯಿತು. ಚಾಲಿಯಂ ಕೋಟೆಯನ್ನು ಸಾಮೂದಿರಿ ಮುತ್ತಿದಾಗ ಕಡಲು ಮುಚ್ಚಿತ್ತು. ನೆರವಿನ ಹಡಗು ದಡ ಮುಟ್ಟುವುದು ದುಸ್ತರವಾಗಿತ್ತು. ಒಳಗೆ ತಿನ್ನಲು ಏನೂ ಉಳಿಯದೆ ಮುದಿ ಕಪ್ತಾನ ಜೊರ್ಜ್ ಡಿ ಕಾಸ್ಟ್ರೊ ಸೆಪ್ಟೆಂಬರ್‌ನಲ್ಲಿ ಕೋಟೆ ಒಪ್ಪಿಸಿದ. ಸಾಮೂದಿರಿ ಅದನ್ನು ನೆಲಸಮ ಮಾಡಿದ. ಪೋರ್ಚುಗೀಸರು ಕಾಸ್ಟ್ರೊನನ್ನು ವಿಚಾರಿಸಿ ಗೋವೆಯಲ್ಲಿ ತಲೆ ಕಡಿಸಿದರು. ಉಪವಾಸ ಬಿದ್ದದ್ದು ಅವರ ಕಾನೂನಿನ ಕಣ್ಣಿಗೆ ಶರಣಾಗತಿಗೆ ಸಾಕಷ್ಟು ಕಾರಣವಾಗಿರಲಿಲ್ಲ.

ವೆಂಗುರ್ಲೆಯ ಬಾಡಿಗೆದಾರರು

ನೆಲದಿಂದ ಗೋವೆಯನ್ನು ಹಸಿವಿಗೆ ಕೆಡವಲಾಗದು ಎಂಬುದು ಅಲಿಯ ಮುತ್ತಿಗೆಯಿಂದ ಸ್ಪಷ್ಟವಾಯಿತು. ಕಡಲನ್ನೂ ಮುಚ್ಚುವವರು ಬೇಕಿತ್ತು. ಅಂಥವರು ಡಚ್ಚರ ರೂಪದಲ್ಲಿ ಬಂದರು. ಅವರ ಭಯಕ್ಕೆ ಪೋರ್ಚುಗೀಸರು 1609ರಿಂದ 1612ರೊಳಗೆ ಮಾಂಡವಿಯ ಬಾಯಲ್ಲಿ ಅಗ್ವಾಡಾ ಕೋಟೆ ಕಟ್ಟಿದರು. ಇಂದು ವಿಜಯಪುರದಿಂದ ಗೋವೆಗೆ ತಿರುಗಾಟಕ್ಕೆ ಹೋದವರು ಫೋಟೊ ತೆಗೆಸಿಕೊಳ್ಳುವ ಆ ಅಂಗಳದ ಅಡಿಯಲ್ಲಿ ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಗ್ಯಾಲನ್ ನೀರು ಹಿಡಿಯುವ ತೊಟ್ಟಿ ಇದೆ. ದೂರದಿಂದ ಬಂದ ಹಡಗುಗಳಿಗೂ ಠಾಣೆಗೂ ಅದೇ ನೀರು.

1637ರಲ್ಲಿ ಡಚ್ ರಾಯಭಾರಿ ಯೊಹಾನ್ ವಾನ್ ಟ್ವಿಸ್ಟ್ ವಿಜಯಪುರದ ದರ್ಬಾರಿಗೆ ಬಂದ. ಗೋಳಗುಮ್ಮಟದ ಒಡೆಯ ಮುಹಮ್ಮದ್ ಆದಿಲ್ ಷಾ ಆಗ ಸಿಂಹಾಸನದಲ್ಲಿದ್ದ. ಗೋವೆಯ ಉತ್ತರಕ್ಕೆ, ಆದಿಲ್ ಷಾಹಿ ಕರಾವಳಿಯ ವೆಂಗುರ್ಲೆಯಲ್ಲಿ ಕೋಠಿ ತೆರೆಯಲು ಡಚ್ಚರಿಗೆ ಅಪ್ಪಣೆ ಸಿಕ್ಕಿತು. ಮುಂದೆ 1644ರವರೆಗೆ ಮಳೆ ನಿಂತೊಡನೆ ಡಚ್ ನೌಕೆಗಳು ಗೋವೆಯ ಅಳಿವೆಗೆ ಅಡ್ಡ ನಿಲ್ಲುತ್ತಿದ್ದವು, ಮಳೆ ಮೋಡ ಕಂಡಾಗ ಹೊರಡುತ್ತಿದ್ದವು. ಅವುಗಳಿಗೆ ನೀರು, ಮಾಂಸ, ತರಕಾರಿ ವೆಂಗುರ್ಲೆಯಿಂದ. ಈ ಸಲ ಹೊರಗೆ ನಿಂತವರ ಹೊಟ್ಟೆಯನ್ನು ವಿಜಯಪುರದ ನೆಲವೇ ನೋಡಿಕೊಂಡಿತು.

ಲಿಸ್ಬನ್ನಿನ ದೊಡ್ಡ ಹಡಗುಗಳು ಸಿಕ್ಕಿಬಿದ್ದು ಗೋವೆಯ ವ್ಯಾಪಾರ ಸೊರಗಿತು. ಠಾಣೆ ಮಾತ್ರ ಉಳಿಯಿತು. ದಂಡೆಗೆ ಅಂಟಿಕೊಂಡು, ತೆಳು ನೀರಿನಲ್ಲಿ ಜಾರಿಕೊಂಡು ಬರುವ ಅಕ್ಕಿಯ ಮಚುವೆಗಳನ್ನು ಆಳ ನೀರಿನ ಡಚ್ ಹಡಗು ಬೆನ್ನಟ್ಟಿ ಹಿಡಿಯುವುದು ಸುಲಭವಿರಲಿಲ್ಲ.

ಆ ಅಕ್ಕಿಗೆ ನಿಜವಾದ ಬೀಗ ಹಾಕಿದವನು ಕೆಳದಿಯ ಶಿವಪ್ಪ ನಾಯಕ. 1652ರಿಂದ 54ರೊಳಗೆ ಅವನು ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಪೋರ್ಚುಗೀಸ್ ಕಾವಲನ್ನು ಕಿತ್ತುಹಾಕಿದ. ಅಲ್ಲಿಂದ ಮುಂದೆ ಗೋವೆ ಕೋಟೆಯ ಮಾತು ಬಿಟ್ಟು ಒಪ್ಪಂದದ ಮಾತಿಗೆ ಇಳಿಯಿತು. ಮಂಗಳೂರಿನಲ್ಲಿ ಬರಿಯ ಕೋಠಿ ಇಟ್ಟುಕೊಳ್ಳಲು, ಅಕ್ಕಿ ಸಾಗಿಸಲು ಕೆಳದಿಯ ಅರಮನೆಯ ಮುಂದೆ ಪೋರ್ಚುಗೀಸ್ ದೂತರು ಕಾಯಬೇಕಾಯಿತು. 1678ರ ಒಪ್ಪಂದ ಅಂಥ ಕಾಯುವಿಕೆಯ ಫಲ.

ನೀರಿತ್ತು, ಕಾಳಿರಲಿಲ್ಲ

ವಿಜಯಪುರದ ಸರದಿ 1685ರ ಏಪ್ರಿಲ್‌ನಲ್ಲಿ ಬಂತು. ಔರಂಗಜೇಬನ ಸೇನಾನಿಗಳು ನಗರದ ಹೊರಗೆ ರಸೂಲ್‌ಪುರ, ಜೊಹರಾಪುರಗಳ ಕಡೆ ಕಂದಕ ತೋಡಲು ತೊಡಗಿದರು.

ಮುತ್ತಿಗೆಗೆ ಬೇಕಾದ ನೀರಿನ ಸಿದ್ಧತೆಯಲ್ಲಿ ಈ ನಗರವನ್ನು ಮೀರಿಸಿದ ಊರು ದಖ್ಖನಿನಲ್ಲಿ ಅಪರೂಪ. ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಹರಿದು ಬರುತ್ತಿತ್ತು. 1651ರಲ್ಲಿ ಬೇಗಂ ತಲಾಬ್ ಸೇರಿಕೊಂಡಿತ್ತು. ಬೀದಿಬೀದಿಯ ಗಂಜ್ ಎಂಬ ನೀರಿನ ಗೋಪುರಗಳು ಒತ್ತಡ ಇಳಿಸಿ ನೀರು ಹಂಚುತ್ತಿದ್ದವು. ಹೊರಗಿನ ಕಾಲುವೆ ಕಡಿದರೂ ಒಳಗೆ ತಾಜ್ ಬಾವಡಿ, ಚಾಂದ್ ಬಾವಡಿ ಇದ್ದವು. ಪಶ್ಚಿಮದ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಬಾಯ್ದೆರೆದು ಕೂತಿತ್ತು. ಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ದವಸ ಮಾತ್ರ ಗೋಡೆಯ ಹೊರಗೆ, ಹಳ್ಳಿಗಳ ಹಗೇವುಗಳಲ್ಲಿತ್ತು. ಆ ಹಳ್ಳಿಗಳಲ್ಲೀಗ ಮೊಗಲ್ ದಂಡು.

ಮಳೆಯೂ ಕೈಕೊಟ್ಟಿತು. ಮೊದಲು ಹಸಿದದ್ದು ಮುತ್ತಿದವರೇ. ಔರಂಗಜೇಬನ ಮಗ ಆಜಮನ ಪಾಳೆಯದಲ್ಲಿ ಕಾಳಿನ ಬೆಲೆ ಮುಗಿಲು ಮುಟ್ಟಿತು. ಹಿಂದೆ ಬಾ ಎಂದು ತಂದೆಯೇ ಹೇಳಿ ಕಳಿಸಿದರೂ ಹೆಂಡತಿ ಮಕ್ಕಳ ಸಮೇತ ಇಲ್ಲೇ ಇರುತ್ತೇನೆಂದು ಆಜಮ್ ಪಟ್ಟು ಹಿಡಿದ. ಕೊನೆಗೆ ಮೊಗಲ್ ಸೇನಾನಿ ಗಾಜಿಉದ್ದೀನ್ ಫಿರೋಜ್ ಜಂಗ್ ಎತ್ತಿನ ಹೇರುಗಳ ದೊಡ್ಡ ಸಾಲನ್ನು ಕಾದಾಡುತ್ತಲೇ ತಂದು ಮುಟ್ಟಿಸಿದ. 1571ರಲ್ಲಿ ಅಲಿ ಆದಿಲ್ ಷಾನ ಪಾಳೆಯಕ್ಕೆ ಸಿಗದೇ ಹೋದದ್ದು ಮೊಗಲರಿಗೆ ಸಿಕ್ಕಿತು.

ಕೋಟೆಯೊಳಕ್ಕೆ ರಸದು ಸೇರಿಸುವ ದಿಟ್ಟ ಪ್ರಯತ್ನ ನಡೆದದ್ದು ಸಗರ ಸೀಮೆಯ ಬೇಡರಿಂದ. ಅವರ ಮುಖಂಡ ಪಾಮ ನಾಯಕ ಸುಮಾರು ಆರು ಸಾವಿರ ಕಾಲಾಳುಗಳನ್ನು ತಲೆಯ ಮೇಲೆ ದವಸದ ಗಂಟು ಹೊರಿಸಿ ರಾತ್ರಿಯಲ್ಲಿ ಕಳಿಸಿದ. ಎತ್ತಿನ ಸಾಲು ದೂರದಿಂದಲೇ ಕಾಣುತ್ತದೆ, ಕತ್ತಲಲ್ಲಿ ನಡೆವ ಬೇಡರು ಕಾಣಲಾರರು ಎಂಬ ಲೆಕ್ಕ. ಫಿರೋಜ್ ಜಂಗ್ ದಾರಿಯಲ್ಲೇ ಅವರನ್ನು ಅಡ್ಡಗಟ್ಟಿ ಕಡಿದುಹಾಕಿದ. ಗೋವೆಗೆ ಮಚುವೆ ಹೇಗೋ ಹಾಗೆ ವಿಜಯಪುರಕ್ಕೆ ಆ ಬೇಡರ ತಲೆಹೊರೆ ಇತ್ತು. ಅವರಿಗೆ ಜಾರಿಕೊಳ್ಳಲು ತೆಳು ನೀರಿರಲಿಲ್ಲ, ಬಟಾಬಯಲಿತ್ತು.

1686ರ ಜುಲೈನಲ್ಲಿ ಔರಂಗಜೇಬ್ ಸ್ವತಃ ರಸೂಲ್‌ಪುರಕ್ಕೆ ಬಂದ. ಆ ಹೊತ್ತಿಗೆ ಕೋಟೆಯೊಳಗೆ ಕುದುರೆಗಳು ಸತ್ತು ರಾವುತರು ಕಾಲಾಳುಗಳಾಗಿದ್ದರು. ಹೊರಗಿನವರ ರಸದು ತಡೆಯಲು ಹೊರಬಿದ್ದು ದಾಳಿ ಮಾಡುವ ಶಕ್ತಿಯೂ ಹೋಗಿತ್ತು. ಕಾದಬಲ್ಲವರು ಎರಡು ಸಾವಿರದಷ್ಟು ಉಳಿದಿದ್ದರು. ಮಲಿಕ್-ಎ-ಮೈದಾನ್ ಇದ್ದ ಗೋಡೆ ಇನ್ನೂ ನಿಂತಿತ್ತು. ಸೆಪ್ಟೆಂಬರ್ 12ರಂದು ಹದಿನೆಂಟರ ಹರೆಯದ ಸಿಕಂದರ್ ಆದಿಲ್ ಷಾ ಹೊರಗೆ ಬಂದು ಶರಣಾದ.

ಫಿರೋಜ್ ಜಂಗ್‌ನಂಥವರ ಹೇರೆತ್ತುಗಳನ್ನು ನಡೆಸಿದ ಸಮುದಾಯ ಬಂಜಾರರದು. ದಂಡಿನ ಹಿಂದೆ ಕಾಳು, ಉಪ್ಪು ಹೊತ್ತು ದಖ್ಖನಿಗೆ ಇಳಿದ ಲಮಾಣಿಗಳ ತಾಂಡಾಗಳು ಇಂದು ವಿಜಯಪುರ ಜಿಲ್ಲೆಯ ತುಂಬ ಇವೆ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಗುಳೆ ಹೋಗುವವರಲ್ಲಿ ಅನೇಕರು ಹಿಡಿಯುವುದು ಗೋವೆಯ ಬಸ್ಸು. ಕಟ್ಟಡದ ಕೆಲಸ, ಮೀನು ಬಂದರಿನ ಕೆಲಸ, ಬೀಚಿನಲ್ಲಿ ಮಣಿಸರ ಮಾರುವ ಕೆಲಸ ಅವರದು. ಗೋವೆಯ ಅಡುಗೆಮನೆಗೆ ಬೇಕಾದ ತರಕಾರಿ ಈಗಲೂ ಘಟ್ಟದ ಮೇಲಿನಿಂದಲೇ ಇಳಿಯುತ್ತದೆ, ಬಹುಪಾಲು ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನಿಗೆ ಗಡಿಗಳು ಮುಚ್ಚಿ ಲಾರಿಗಳು ನಿಂತಾಗ, ಪಣಜಿ, ಮಡಗಾಂವ್‌ಗಳಲ್ಲಿ ಕೆಲವೇ ದಿನಗಳಲ್ಲಿ ತರಕಾರಿಗೆ ಪರದಾಟ ಶುರುವಾಯಿತು. ಗಡಿಯಲ್ಲಿ ನಿಂತ ಲಾರಿಗಳನ್ನು ಬಿಡಿಸಲು ಗೋವೆಯ ಸರಕಾರ ಕರ್ನಾಟಕದ ಅಧಿಕಾರಿಗಳ ಜೊತೆ ಮಾತುಕತೆಗೆ ಕೂರಬೇಕಾಯಿತು.